ಹೆಸರು ಬಿಡಿ, ಊರು ಹಿಡೀರಿ: ನಾರ್ವೆ, ಸ್ವೀಡನ್, ಡೆನ್ಮಾರ್ಕಿಂದ ಅಮೆರಿಕಕ್ಕೆ ಹೋದ ಹಿರೀಕರನ್ನ ಹುಡುಕೋದು ಹೇಗೆ

ಮಿನೆಸೋಟ, ವಿಸ್ಕಾನ್ಸಿನ್, ಅಯೋವಾ ಕಡೆ ಸೆಟಲ್ ಆಗಿರೋ ಕನ್ನಡದವ್ರ ಮನೇಲಿ ಈಗೀಗ ಓಲ್ಸನ್, ಪೀಟರ್ಸನ್, ಲಿಂಡ್‌ಗ್ರೆನ್ ಅನ್ನೋ ಬೀಗರು ಸಿಗೋದು ಮಾಮೂಲಾಗಿದೆ. ಮೊಮ್ಮಗೂಗೆ ಸ್ಕೂಲಲ್ಲಿ ಫ್ಯಾಮಿಲಿ ಟ್ರೀ ಮಾಡ್ಕೊಂಡು ಬಾ ಅಂದ್ರೆ ನಮ್ಮ ಕಡೆದು ಅಜ್ಜಿ ಬಾಯಿಂದ್ಲೇ ನಾಕು ತಲೆಮಾರು ಬಂದ್ಬಿಡತ್ತೆ, ಬೀಗರ ಕಡೆಯಿಂದ ಬರೋದು ಮಾತ್ರ "ಮುತ್ತಜ್ಜ ನಾರ್ವೆಯಿಂದ ಬಂದಿದ್ರಂತೆ" ಅಷ್ಟೇ. ಆದ್ರೆ ನಿಜ ಏನಪ್ಪಾ ಅಂದ್ರೆ ನಮ್ಮ ವಂಶಕ್ಕಿಂತ ಅವ್ರ ವಂಶ ಹುಡುಕೋದು ಹತ್ತು ಪಾಲು ಸುಲಭ, ಯಾಕಂದ್ರೆ ಆ ದೇಶಗಳಲ್ಲಿ ಪಾದ್ರಿಗಳು ಮುನ್ನೂರು ವರ್ಷದಿಂದ ಯಾರು ಹುಟ್ಟಿದ್ರು, ಯಾರು ಸತ್ರು, ಯಾರು ಊರು ಬಿಟ್ರು ಅಂತ ಬರೆದಿಟ್ಟಿದ್ದಾರೆ, ಅದ್ರಲ್ಲಿ ಬಹುಪಾಲು ಸ್ಕ್ಯಾನ್ ಆಗಿ ಫ್ರೀಯಾಗಿ ನೆಟ್ಟಲ್ಲಿದೆ.

ಹೋದವ್ರ ಸಂಖ್ಯೆನೂ ಚಿಕ್ಕದಲ್ಲ. 1825ರಿಂದ ನೂರು ವರ್ಷದೊಳಗೆ ನಾರ್ವೆಯಿಂದ ಸುಮಾರು 8 ಲಕ್ಷ, ಸ್ವೀಡನ್ನಿಂದ 12 ಲಕ್ಷಕ್ಕೂ ಮೇಲೆ, ಡೆನ್ಮಾರ್ಕಿಂದ ಹತ್ತಿರ ಹತ್ತಿರ 3 ಲಕ್ಷ ಜನ ಸಮುದ್ರ ದಾಟಿದ್ರು. ನಾರ್ವೆಯವ್ರ ಮೊದಲ ಗುಂಪು 1825ರ ಜುಲೈಲಿ ಸ್ಟಾವಾಂಗರ್‌ನಿಂದ ರೆಸ್ಟೌರೇಷನ್ ಅನ್ನೋ ಪುಟಾಣಿ ಹಡಗಲ್ಲಿ ಹೊರಟಿದ್ದು. ಹತ್ತಿದವ್ರು 52 ಜನ, ಅಕ್ಟೋಬರಲ್ಲಿ ನ್ಯೂಯಾರ್ಕಲ್ಲಿ ಇಳಿದವ್ರು 53, ದಾರೀಲಿ ಒಂದು ಹೆಣ್ಣು ಮಗು ಹುಟ್ಟಿತ್ತು. ಅಷ್ಟು ಸಣ್ಣ ಹಡಗಿಗೆ ಇಷ್ಟು ಜನ ತುಂಬ್ಕೊಂಡು ಬಂದಿದ್ದೀರಿ ಅಂತ ಅಲ್ಲಿ ಹಡಗನ್ನೇ ಜಪ್ತಿ ಮಾಡಿ ದಂಡ ಹಾಕಿದ್ರು, ಕೊನೆಗೆ ಅಧ್ಯಕ್ಷ ಜಾನ್ ಕ್ವಿನ್ಸಿ ಆಡಮ್ಸ್ ಅವ್ರೇ ಮಾಫಿ ಮಾಡ್ಬೇಕಾಯ್ತು.

ಮೊದಲು ಹೆಸರಿನ ಲೆಕ್ಕ ತಿಳ್ಕೊಳ್ಳಿ

ಇದು ಗೊತ್ತಿಲ್ದೆ ಹುಡುಕೋಕೆ ಕೂತ್ರೆ ದಿನಗಟ್ಲೆ ಟೈಮ್ ವೇಸ್ಟು. ಆ ಕಾಲದಲ್ಲಿ ಅಲ್ಲಿನ ಹಳ್ಳಿ ಜನಕ್ಕೆ ನಾವಂದ್ಕೊಳ್ಳೋ ಥರದ ಸರ್‌ನೇಮ್ ಇರ್ಲಿಲ್ಲ. ಒಂದು ಉದಾಹರಣೆ ಕಲ್ಪಿಸ್ಕೊಳ್ಳಿ. ಲಾರ್ಸ್ ಅನ್ನೋವ್ನಿಗೆ ಓಲೆ ಅಂತ ಮಗ, ಅವ್ನು ಓಲೆ ಲಾರ್ಸೆನ್, ಅಂದ್ರೆ ಲಾರ್ಸ್ ಮಗ. ಬಕ್ಕೆ ಅನ್ನೋ ಫಾರ್ಮಲ್ಲಿ ಇದ್ದಷ್ಟು ದಿನ ಓಲೆ ಲಾರ್ಸೆನ್ ಬಕ್ಕೆ. ಮದುವೆ ಆಗಿ ಹೆಂಡತಿ ಮನೆಯ ಹೌಗೆನ್ ಫಾರ್ಮಿಗೆ ಹೋಗಿ ಸೇರ್ಕೊಂಡ್ರೆ ಓಲೆ ಲಾರ್ಸೆನ್ ಹೌಗೆನ್. ಅವ್ನ ಮಗ ಪೆಡರ್ ಓಲ್ಸೆನ್, ಮಗಳು ಮಾರಿಟ್ ಓಲ್ಸ್‌ಡಾಟರ್, ಮಗಳು ಮದುವೆ ಆದ್ಮೇಲೂ ಓಲ್ಸ್‌ಡಾಟರ್ರೇ. ಅಮೆರಿಕಕ್ಕೆ ಬಂದ್ಮೇಲೆ ಇದೇ ಮನೆಯ ಮೂರು ಅಣ್ಣತಮ್ಮಂದ್ರಲ್ಲಿ ಒಬ್ಬ ಲಾರ್ಸನ್, ಇನ್ನೊಬ್ಬ ಬಕ್ಕೆ, ಮತ್ತೊಬ್ಬ ಹೌಗೆನ್ ಆಗಿರ್ಬೋದು. ನಮಗಿದು ಅರ್ಥ ಆಗೋದು ಕಷ್ಟ ಏನಲ್ಲ, ನಮ್ಮಲ್ಲೂ ಊರ ಹೆಸರೊಂದು ಇನಿಷಿಯಲ್ಲು ಅಪ್ಪನ ಹೆಸರೊಂದು ಇನಿಷಿಯಲ್ಲು, ಪಾಸ್‌ಪೋರ್ಟ್ ಮಾಡ್ಸೋವಾಗ ಅಣ್ಣ ಅಪ್ಪನ ಹೆಸರನ್ನ ಸರ್‌ನೇಮ್ ಮಾಡ್ಕೊಂಡ, ತಮ್ಮ ಊರ ಹೆಸರು ಹಾಕ್ಕೊಂಡ ಅನ್ನೋ ಮನೆಗಳು ಎಷ್ಟು ಬೇಕು.

ಸ್ವೀಡನ್ನಲ್ಲಿ ಇನ್ನೊಂದು ಕಗ್ಗಂಟು ಇದೆ, ಸಿಪಾಯಿ ಹೆಸರು. ಒಂದೊಂದು ಹಳ್ಳಿ ಗುಂಪು ಸೇರಿ ಒಬ್ಬ ಸಿಪಾಯಿಯನ್ನ ಸಾಕ್ಬೇಕಿತ್ತು, ಅವ್ನಿಗೆ ಒಂದು ಗುಡಿಸ್ಲು ಒಂಚೂರು ಜಮೀನು ಕೊಡೋರು. ಪಟಾಲಮ್ಮಲ್ಲಿ ನೂರು ಜನ ಆಂಡರ್ಸನ್ ಇದ್ರೆ ಕೂಗೋದು ಹೇಗೆ, ಅದಕ್ಕೆ ರಾಸ್ಕ್, ಮೂಡಿಗ್, ಸ್ಟೋಲ್ ಅಂತ ಚಿಕ್ಕ ಹೆಸರು ಇಟ್ಬಿಡ್ತಿದ್ರು. ಎಷ್ಟೋ ಸಲ ಆ ಗುಡಿಸ್ಲಿಗೆ ಬಂದ ಮುಂದಿನ ಸಿಪಾಯಿಗೂ ಅದೇ ಹೆಸರು, ರಕ್ತ ಸಂಬಂಧ ಏನೂ ಇರಲ್ಲ. ಹಾಗಾಗಿ ಒಂದೇ ಊರಲ್ಲಿ ಇಬ್ರು ರಾಸ್ಕ್ ಸಿಕ್ಕಿದ್ರು ಅಂತ ಅಪ್ಪ ಮಗ ಮಾಡ್ಬಿಡ್ಬೇಡಿ.

ಕಾಯಂ ಸರ್‌ನೇಮ್ ಇಟ್ಕೊಳ್ಳಿ ಅಂತ ಸ್ವೀಡನ್ನಲ್ಲಿ 1901ರಲ್ಲಿ, ನಾರ್ವೆಯಲ್ಲಿ 1923ರಲ್ಲಿ ಕಾನೂನು ಬಂತು. ಡೆನ್ಮಾರ್ಕಲ್ಲಿ 1828ರಲ್ಲೇ ಆರ್ಡರ್ ಬಂದಿತ್ತು, ಹಳ್ಳಿ ಜನ ಎಷ್ಟೋ ವರ್ಷ ಅದನ್ನ ಕ್ಯಾರೇ ಅನ್ಲಿಲ್ಲ. ಇದ್ರಿಂದ ನೀವು ತಿಳ್ಕೋಬೇಕಾದ್ದು ಇಷ್ಟೇ: ಸರ್‌ನೇಮ್ ಹಾಕಿ ಸರ್ಚ್ ಮಾಡೋದು ಕೊನೇ ಕೆಲಸ. ನಿಮಗೆ ಮೊದಲು ಬೇಕಾಗಿರೋದು ಕರೆಯೋ ಹೆಸರು, ಹುಟ್ಟಿದ ತಾರೀಕು, ಹುಟ್ಟಿದ ಪ್ಯಾರಿಶ್, ಅಂದ್ರೆ ಒಂದು ಚರ್ಚಿನ ಸರಹದ್ದಿಗೆ ಬರೋ ಊರುಗಳು. ಹೆಸರು ಬದಲಾಗತ್ತೆ, ಹುಟ್ಟಿದ ತಾರೀಕು ಬದಲಾಗಲ್ಲ (ವರ್ಷ ಒಂದೆರಡು ಹಿಂದೆ ಮುಂದೆ ಆಗೋದುಂಟು, ದಿನ ಮತ್ತು ತಿಂಗಳು ಸಾಮಾನ್ಯವಾಗಿ ಸರಿ ಇರತ್ತೆ).

ಯೂರೋಪಿಗೆ ಹಾರೋ ಮುಂಚೆ ಅಮೆರಿಕದಲ್ಲಿ ಮುಗಿಸ್ಬೇಕಾದ್ದು

ಎಲ್ರೂ ಆತುರ ಬೀಳೋದು ಇಲ್ಲೇ. ನಾರ್ವೆ ಸೈಟು ಓಪನ್ ಮಾಡಿ ಓಲೆ ಓಲ್ಸೆನ್ ಅಂತ ಹೊಡೆದ್ರೆ ಬರೋ ಲಿಸ್ಟ್ ನೋಡಿ ತಲೆ ತಿರುಗತ್ತೆ. ಪ್ಯಾರಿಶ್ ಯಾವ್ದು ಅನ್ನೋದು ಬಹುತೇಕ ಅಮೆರಿಕದ ಕಾಗದದಲ್ಲೇ ಎಲ್ಲೋ ಇರತ್ತೆ, ಅದು ಸಿಗೋ ತನಕ ಈ ಕಡೆನೇ ಅಗೀಬೇಕು.

ಮನೆಯಿಂದ ಶುರು ಮಾಡಿ. ಅಟ್ಟದ ಮೇಲಿರೋ ಹಳೇ ಬೈಬಲ್, ಅದ್ರ ಮೊದಲ ಪುಟಗಳಲ್ಲಿ ಹುಟ್ಟು ಸಾವು ಬರೆದಿರ್ತಾರೆ. ಫೋಟೋ ಹಿಂದೆ ಸ್ಟುಡಿಯೋ ಮತ್ತು ಊರಿನ ಹೆಸರು ಪ್ರಿಂಟ್ ಆಗಿರತ್ತೆ. ಊರಿಂದ ಬಂದ ಕಾಗದ ಇದ್ರೆ ಕವರು ಬಿಸಾಕ್ಬೇಡಿ, ಅಂಚೆ ಮುದ್ರೆ ಓದಿ. ಬಣ್ಣದ ಮರದ ಪೆಟ್ಟಿಗೆ ಇದ್ರೆ ಅದ್ರ ಮೇಲೆ ಹೆಸರು ಮತ್ತು ವರ್ಷ ಬರೆದಿರೋದುಂಟು, ಆ ಹೆಸರು ಅಮೆರಿಕಕ್ಕೆ ಬರೋ ಮುಂಚಿನ ಹೆಸರು ಅನ್ನೋದು ನೆನಪಿರ್ಲಿ.

ಆಮೇಲೆ ಸೆನ್ಸಸ್. ಅಮೆರಿಕದ 1900ರ ಸೆನ್ಸಸ್ಸಲ್ಲಿ ಹುಟ್ಟಿದ ತಿಂಗಳು, ವರ್ಷ, ಅಮೆರಿಕಕ್ಕೆ ಬಂದ ವರ್ಷ ಮೂರೂ ಇದೆ, ಅಲ್ಲಿಂದ ಹಿಡ್ಕೊಳ್ಳಿ. 1890ರದ್ದು ಬೆಂಕಿಗೆ ಸಿಕ್ಕಿ ಹೋಯ್ತು, ಹುಡುಕ್ಬೇಡಿ. 1950ರ ತನಕ ಎಲ್ಲಾ ಓಪನ್ ಇವೆ, ಫ್ಯಾಮಿಲಿಸರ್ಚ್ ಸೈಟಲ್ಲಿ ಅಕೌಂಟ್ ಮಾಡ್ಕೊಂಡ್ರೆ ದುಡ್ಡು ಕೊಡ್ಬೇಕಾಗಿಲ್ಲ. ಸೆನ್ಸಸ್ಸಲ್ಲಿ ಊರ ಹೆಸರು ಇರಲ್ಲ, ಬರೀ ನಾರ್ವೆ ಅಂತಲೋ ಸ್ವೀಡನ್ ಅಂತಲೋ ಇರತ್ತೆ. ಆದ್ರೆ ಪಕ್ಕದ ಮನೆಯವ್ರನ್ನೂ ನೋಟ್ ಮಾಡ್ಕೊಳ್ಳಿ, ಒಂದೇ ಕಣಿವೆಯಿಂದ ಬಂದವ್ರು ಒಂದೇ ಕಡೆ ಜಮೀನು ಹಿಡೀತಿದ್ರು, ನಿಮ್ಮವ್ರ ಊರು ಸಿಗ್ದಿದ್ರೆ ಪಕ್ಕದ ಮನೆಯವ್ರ ಊರಿಂದ ಸಿಗತ್ತೆ.

ಊರು ಸಿಗೋ ನಿಜವಾದ ಜಾಗ ಅಂದ್ರೆ ಅಮೆರಿಕದ ಲೂಥರನ್ (ಇವ್ರೆಲ್ಲ ಸೇರಿದ್ದ ಪ್ರಾಟೆಸ್ಟಂಟ್ ಪಂಥ) ಚರ್ಚುಗಳ ಪುಸ್ತಕ. ಸ್ವೀಡನ್ನವ್ರ ಆಗಸ್ಟಾನಾ ಸಿನಾಡ್, ಅಂದ್ರೆ ಚರ್ಚುಗಳ ಒಕ್ಕೂಟ, 1860ರಲ್ಲಿ ಶುರು ಆಗಿದ್ದು, ಅದ್ರ ಪಾದ್ರಿಗಳು ತಮ್ಮ ದೇಶದ ಅಭ್ಯಾಸ ಬಿಡದೆ ಮೆಂಬರು ಹುಟ್ಟಿದ ತಾರೀಕು, ಹುಟ್ಟಿದ ಪ್ಯಾರಿಶ್, ಬಂದ ವರ್ಷ ಎಲ್ಲಾ ಬರೀತಿದ್ರು. ಇಲಿನಾಯ್‌ನ ರಾಕ್ ಐಲೆಂಡಲ್ಲಿ ಆಗಸ್ಟಾನಾ ಕಾಲೇಜಿನ ಸ್ವೆನ್ಸನ್ ಸೆಂಟರಲ್ಲಿ ಇವುಗಳ ದೊಡ್ಡ ಸಂಗ್ರಹ ಇದೆ. ನಾರ್ವೆಯವ್ರಿಗೆ ವಿಸ್ಕಾನ್ಸಿನ್‌ನ ಮ್ಯಾಡಿಸನ್ನಲ್ಲಿರೋ ನೇಸೆತ್ ಲೈಬ್ರರಿ, ಡೆನ್ಮಾರ್ಕಿನವ್ರಿಗೆ ಅಯೋವಾದ ಎಲ್ಕ್ ಹಾರ್ನ್ ಊರಿನ ಮ್ಯೂಸಿಯಂ. ಮೂರೂ ಕಡೆ ಫೀಸ್ ಕೊಟ್ರೆ ಹುಡುಕಿ ಕೊಡೋದೂ ಉಂಟು, ಆದ್ರೆ ನೀವೇ ಒಂದಿಷ್ಟು ಹೋಮ್‌ವರ್ಕ್ ಮಾಡ್ಕೊಂಡು ಹೋದ್ರೆ ಚೀಪಾಗಿ ಮುಗಿಯತ್ತೆ.

ಇನ್ನು ಚೂರುಪಾರು ದಾರಿಗಳು. ಪೌರತ್ವದ ಕಾಗದ 1906ರ ಮುಂಚಿನದ್ದಾದ್ರೆ ಯಾವ ಕೋರ್ಟಲ್ಲಿ ಬೇಕಾದ್ರೂ ಇರ್ಬೋದು, ಅದ್ರಲ್ಲಿ ಮಾಹಿತಿನೂ ಕಮ್ಮಿ, ಆಮೇಲಿಂದ ಹುಟ್ಟಿದ ಊರು, ಬಂದ ಹಡಗು ಎಲ್ಲಾ ಬರೆದಿರತ್ತೆ. 1862ರ ಹೋಮ್‌ಸ್ಟೆಡ್ ಕಾಯ್ದೆ ಪ್ರಕಾರ 160 ಎಕರೆ ಸರ್ಕಾರಿ ಜಮೀನು ತಗೊಂಡವ್ರು ಪೌರತ್ವಕ್ಕೆ ಅರ್ಜಿ ಹಾಕಿರೋ ಪುರಾವೆ ಕೊಡ್ಬೇಕಿತ್ತು, ಆ ಫೈಲು ವಾಷಿಂಗ್ಟನ್ನಿನ ನ್ಯಾಷನಲ್ ಆರ್ಕೈವ್ಸಲ್ಲಿ ಸಿಗತ್ತೆ. 1942ರಲ್ಲಿ ವಯಸ್ಸಾದ ಗಂಡಸರನ್ನೂ ಯುದ್ಧದ ಲೆಕ್ಕಕ್ಕೆ ರಿಜಿಸ್ಟರ್ ಮಾಡಿಸಿದ್ರು, 1877ರಿಂದ 1897ರ ಮಧ್ಯೆ ಹುಟ್ಟಿದವ್ರು, ಆ ಕಾರ್ಡಲ್ಲಿ ಹುಟ್ಟಿದ ಊರಿನ ಹೆಸರಿಗೆ ಜಾಗ ಇದೆ. 1936ರಿಂದ ಶುರು ಆದ ಸೋಷಿಯಲ್ ಸೆಕ್ಯೂರಿಟಿ (ಸರ್ಕಾರಿ ಪಿಂಚಣಿ) ಅರ್ಜೀಲಿ ಅಪ್ಪ ಅಮ್ಮನ ಹೆಸರು, ಅಮ್ಮನ ತೌರು ಮನೆ ಹೆಸರು ಸಮೇತ. ಸತ್ತಾಗ ಪೇಪರಲ್ಲಿ ಬಂದ ಸುದ್ದಿ ಬೇಕಾದ್ರೆ ಇಂಗ್ಲಿಷ್ ಪೇಪರ್ ಮಾತ್ರ ನೋಡ್ಬೇಡಿ, ಡೆಕೋರಾ-ಪೋಸ್ಟೆನ್ ಅನ್ನೋ ನಾರ್ವೇಜಿಯನ್ ಪೇಪರು ಅಯೋವಾದಿಂದ 1874ರಿಂದ 1972ರ ತನಕ ನಡೀತು, ಶಿಕಾಗೋದಲ್ಲಿ ಸ್ಕ್ಯಾಂಡಿನಾವೆನ್ ಇತ್ತು. ಇಂಗ್ಲಿಷ್ ಪೇಪರು "ನಾರ್ವೆ ಮೂಲದ ರೈತ" ಅಂತ ಮುಗಿಸಿದ್ರೆ ಇವ್ರು ಯಾವ ಕಣಿವೆ ಯಾವ ಫಾರ್ಮು ಅಂತ ಬರೀತಿದ್ರು, ಓದೋರಿಗೆ ಬೇಕಾಗಿದ್ದೂ ಅದೇ.

ಹಡಗಿನ ವಿಷ್ಯ

ಹಡಗಿನ ಹೆಸರು ಸಿಕ್ಕಿದ್ರೆ ಖುಷಿ, ಸಿಗ್ಲಿಲ್ಲ ಅಂದ್ರೆ ತಲೆ ಕೆಡಿಸ್ಕೋಬೇಡಿ, ಅದಿಲ್ದೆನೂ ಕೆಲಸ ಆಗತ್ತೆ. ಸ್ವೀಡನ್ನವ್ರು ಹೆಚ್ಚಾಗಿ ಯೋಟೆಬೊರಿ ಬಂದರಿಂದ (ಇಂಗ್ಲಿಷಲ್ಲಿ ಗೋಥನ್‌ಬರ್ಗ್ ಅಂತಾರೆ) ವಿಲ್ಸನ್ ಲೈನ್ ಹಡಗಲ್ಲಿ ಇಂಗ್ಲೆಂಡಿನ ಹಲ್‌ಗೆ, ಅಲ್ಲಿಂದ ರೈಲಲ್ಲಿ ಲಿವರ್‌ಪೂಲ್, ಅಲ್ಲಿಂದ ಇನ್ನೊಂದು ದೊಡ್ಡ ಹಡಗು. ಅಂದ್ರೆ ಒಬ್ಬನೇ ಮನುಷ್ಯ ಎರಡು ಲಿಸ್ಟಲ್ಲಿ ಎರಡು ಹಡಗಲ್ಲಿ ಇರ್ತಾನೆ, ಎರಡೂ ಸರಿನೇ. ಯೋಟೆಬೊರಿ ಪೊಲೀಸರ ಲಿಸ್ಟು 1869ರಿಂದ ಇದೆ, ಅದ್ರಲ್ಲಿ ಬಿಟ್ಟ ಪ್ಯಾರಿಶ್ ಹೆಸರು ಇರೋದ್ರಿಂದ ಅಮೆರಿಕದ ಲಿಸ್ಟಿಗಿಂತ ಅದೇ ಬೆಲೆಬಾಳೋದು.

ನಾರ್ವೆಯಿಂದ 1850-60ರ ದಶಕದಲ್ಲಿ ಬಂದವ್ರನ್ನ ನ್ಯೂಯಾರ್ಕಲ್ಲಿ ಹುಡುಕಿ ಸಿಗ್ಲಿಲ್ಲ ಅಂತ ಬೇಜಾರಾಗ್ಬೇಡಿ, ಆಗ ಹೆಚ್ಚಿನವ್ರು ಕೆನಡಾದ ಕ್ವಿಬೆಕ್‌ಗೆ ಬಂದು ಅಲ್ಲಿಂದ ದೊಡ್ಡ ಸರೋವರಗಳನ್ನ ದಾಟಿ ವಿಸ್ಕಾನ್ಸಿನ್ ಸೇರ್ತಿದ್ರು, ಕ್ವಿಬೆಕ್ಕಿನ ಪ್ಯಾಸೆಂಜರ್ ಲಿಸ್ಟು ಕ್ರಮವಾಗಿ ಉಳಿದಿರೋದು 1865ರಿಂದ ಈಚೆಗೆ. ನ್ಯೂಯಾರ್ಕಲ್ಲಿ ವಲಸೆ ಬಂದವ್ರನ್ನ ತಪಾಸಣೆ ಮಾಡೋ ಎಲ್ಲಿಸ್ ಐಲೆಂಡ್ ಓಪನ್ ಆಗಿದ್ದೇ 1892ರ ಜನವರಿ 1ಕ್ಕೆ, ಅದಕ್ಕಿಂತ ಮುಂಚೆ ಬಂದ ಮುತ್ತಜ್ಜ ಎಲ್ಲಿಸ್ ಐಲೆಂಡಲ್ಲಿ ಇಳಿದ್ರು ಅನ್ನೋ ಮನೆಕಥೆ ನಂಬ್ಬೇಡಿ. ಹಾಗೇ ಅಲ್ಲಿನ ಗುಮಾಸ್ತ ಹೆಸರು ಬದಲಾಯಿಸಿಬಿಟ್ಟ ಅನ್ನೋ ಕಥೆನೂ. ಅವ್ನ ಕೈಲಿದ್ದಿದ್ದು ಹಡಗು ಕಂಪನಿ ಮೊದಲೇ ಬರೆದ ಲಿಸ್ಟು, ಅದನ್ನ ಟಿಕ್ ಮಾಡ್ತಿದ್ದ ಅಷ್ಟೇ. ಹೆಸರು ಬದಲಾಯಿಸ್ಕೊಂಡವ್ರು ಬಂದವ್ರೇ, ನಿಧಾನಕ್ಕೆ. 1907ರ ನಂತರದ ಹಡಗು ಲಿಸ್ಟು ಮಾತ್ರ ಕಣ್ಣಿಗೆ ಒತ್ಕೊಳ್ಳೋ ಹಾಗಿದೆ, ಊರಲ್ಲಿ ಬಿಟ್ಟು ಬಂದ ಹತ್ತಿರದ ಸಂಬಂಧಿಯ ಹೆಸರು ಮತ್ತು ವಿಳಾಸ ಬರೆಸ್ಕೊಳ್ತಿದ್ರು.

ಈಗ ನಾರ್ವೆ

ಡಿಜಿಟಲಾರ್ಕಿವೆಟ್ ಅಂತ ಅಲ್ಲಿನ ರಾಷ್ಟ್ರೀಯ ದಾಖಲೆ ಇಲಾಖೆಯ ಸೈಟು, ಪೂರ್ತಿ ಫ್ರೀ, ಲಾಗಿನ್ನೂ ಬೇಡ, ಇಂಗ್ಲಿಷಲ್ಲೂ ಇದೆ. ಇಂಥ ಸೈಟು ನಮ್ಮಲ್ಲಿದ್ದಿದ್ರೆ ಎಷ್ಟೋ ಜನ ಊರೂರು ಅಲೆಯೋದು ತಪ್ತಿತ್ತು. ಸೆನ್ಸಸ್ 1801, 1865, 1875, 1891, 1900, 1910, 1920 ಇವುಗಳಲ್ಲಿ ಹೆಸರು ಸಮೇತ ಇದೆ, 1885ರದ್ದು ಪಟ್ಟಣಗಳಿಗೆ ಮಾತ್ರ. ನೂರು ವರ್ಷ ಆದ್ಮೇಲೇ ಓಪನ್ ಮಾಡೋದು, 1920ರದ್ದು 2020ರ ಡಿಸೆಂಬರಲ್ಲಿ ಬಿಟ್ರು.

ಹುಡುಕೋ ಕ್ರಮ ಹೀಗಿಟ್ಕೊಳ್ಳಿ. ನಿಮ್ಮವ್ರು 1882ರಲ್ಲಿ ಹೊರಟ್ರು ಅಂದ್ರೆ 1875ರ ಸೆನ್ಸಸ್ಸಲ್ಲಿ ಅಪ್ಪ ಅಮ್ಮನ ಜೊತೆ ಇರ್ಬೇಕು. ಪ್ಯಾರಿಶ್ ಸೆಲೆಕ್ಟ್ ಮಾಡಿ, ಮೊದಲ ಹೆಸರು ಮತ್ತು ಹುಟ್ಟಿದ ವರ್ಷ ಹಾಕಿ, ಸರ್‌ನೇಮ್ ಖಾಲಿ ಬಿಡಿ. ಸ್ಪೆಲಿಂಗ್ ಡೌಟ್ ಇದ್ರೆ ಹೆಸರಿನ ಅರ್ಧ ಬರೆದು ಸ್ಟಾರ್ ಹಾಕಿ, ಕ್ರಿಸ್ಟೆನ್ ಒಬ್ಬನೇ ಕೆ, ಸಿಎಚ್ ಅಂತ ನಾಕು ಥರ ಬರೆಸ್ಕೊಂಡಿರ್ತಾನೆ. ಫಾರ್ಮ್ ಹೆಸರು ಸಿಕ್ಕಿತೋ, ಅಲ್ಲಿಂದ ಚರ್ಚ್ ಪುಸ್ತಕಕ್ಕೆ ಹೋಗಿ ಬ್ಯಾಪ್ಟಿಸಮ್ (ಮಗುವನ್ನ ಚರ್ಚಿಗೆ ಸೇರಿಸೋ ಶಾಸ್ತ್ರ) ಎಂಟ್ರಿ ನೋಡಿ, ಅಪ್ಪ ಅಮ್ಮ ಮತ್ತು ಸಾಕ್ಷಿ ನಿಂತವ್ರ ಹೆಸರು ಫಾರ್ಮ್ ಸಮೇತ ಇರತ್ತೆ. ಸಾಕ್ಷಿ ನಿಲ್ಲೋರು ಬಹುತೇಕ ಚಿಕ್ಕಪ್ಪ, ಅತ್ತೆ, ಸೋದರಮಾವ ಇಂಥವ್ರೇ. ಹದಿನೈದು ವರ್ಷದ ಹತ್ತಿರ ಕನ್ಫರ್ಮೇಷನ್ (ಧರ್ಮದ ಪಾಠ ಮುಗಿಸಿ ಚರ್ಚಿನ ಪೂರ್ತಿ ಮೆಂಬರ್ ಆಗೋ ಶಾಸ್ತ್ರ) ಅಂತ ಇನ್ನೊಂದು ಎಂಟ್ರಿ, ಅದ್ರಲ್ಲಿ ಸಿಡುಬಿನ ಲಸಿಕೆ ಹಾಕಿದ ತಾರೀಕೂ ಇರತ್ತೆ, ಲಸಿಕೆ ಇಲ್ದೆ ಕನ್ಫರ್ಮೇಷನ್ನೂ ಇಲ್ಲ ಮದುವೇನೂ ಇಲ್ಲ ಅಂತ 1810ರಿಂದ ರೂಲ್ಸು. ಕೊನೆಗೆ ಊರು ಬಿಟ್ಟವ್ರ ಪಟ್ಟಿ. ಇದು ಎಲ್ಲಾ ಪಾದ್ರಿಗಳೂ ಸರಿಯಾಗಿ ಬರೀಲಿಲ್ಲ, ಅಲ್ಲಿ ಇಲ್ಲ ಅಂದ್ರೆ ಪೊಲೀಸರ ಎಮಿಗ್ರೇಷನ್ ಪುಸ್ತಕ ನೋಡಿ, ಕ್ರಿಸ್ಟಿಯಾನಿಯಾ ಅಂದ್ರೆ ಈಗಿನ ಓಸ್ಲೋದಲ್ಲಿ 1867ರಿಂದ ಇದೆ.

ಒಂದೇ ಹೆಸರಿನ ಫಾರ್ಮು ದೇಶದ ತುಂಬ ಇವೆ, ಬಕ್ಕೆಗಳಂತೂ ಕೇಳ್ಲೇಬೇಡಿ. ಯಾವ ಫಾರ್ಮು ಯಾವ ಪ್ಯಾರಿಶಿಗೆ ಸೇರಿದ್ದು ಅಂತ ನೋಡೋಕೆ ಓಲುಫ್ ರೂಗ್ ಅವ್ರ ಹಳೇ ಫಾರ್ಮ್ ಹೆಸರುಗಳ ಪಟ್ಟಿ ಆನ್‌ಲೈನಲ್ಲೇ ಸರ್ಚ್ ಮಾಡೋ ಹಾಗಿದೆ.

ಆಮೇಲೆ ಬೀಗ್ಡೆಬೋಕ್. ಒಂದು ಊರಿನ ಒಂದೊಂದು ಫಾರ್ಮಲ್ಲೂ ಯಾವ ಕಾಲದಲ್ಲಿ ಯಾರಿದ್ರು, ಮಕ್ಕಳೆಷ್ಟು, ಯಾರು ಅಮೆರಿಕಕ್ಕೆ ಹೋದ್ರು ಅಂತ ಸ್ಥಳೀಯರೇ ಬರೆದ ದಪ್ಪ ದಪ್ಪ ಪುಸ್ತಕಗಳು. ನಿಮ್ಮ ಊರಿಗೆ ಇದು ಇದ್ರೆ ಒಂದೇ ಸಂಜೆಯಲ್ಲಿ ಇನ್ನೂರು ವರ್ಷ ಹಿಂದಕ್ಕೆ ಹೋಗ್ತೀರ. ನಾರ್ವೆಯ ನ್ಯಾಷನಲ್ ಲೈಬ್ರರಿ ಇವನ್ನ ಸ್ಕ್ಯಾನ್ ಮಾಡಿದೆ, ಕೆಲವು ನಾರ್ವೆ ಒಳಗಿಂದ ಮಾತ್ರ ಓಪನ್ ಆಗ್ತವೆ. ಅಮೆರಿಕದಲ್ಲಿ ಇರೋರಿಗೆ ಗ್ರ್ಯಾಂಡ್ ಫೋರ್ಕ್ಸ್‌ನ ನಾರ್ತ್ ಡಕೋಟ ಯೂನಿವರ್ಸಿಟಿ ಲೈಬ್ರರೀಲಿ ದೊಡ್ಡ ಸಂಗ್ರಹ ಇದೆ. ಬೀಗ್ಡೆಬೋಕಲ್ಲೂ ತಪ್ಪುಗಳಿರ್ತವೆ, ಮೂಲ ಚರ್ಚ್ ಪುಸ್ತಕದ ಜೊತೆ ತಾಳೆ ನೋಡ್ದೆ ಟ್ರೀಗೆ ಏರಿಸ್ಬೇಡಿ.

ಸ್ವೀಡನ್

ನನ್ನ ಮಟ್ಟಿಗೆ ಪ್ರಪಂಚದಲ್ಲೇ ಬೆಸ್ಟ್ ರೆಕಾರ್ಡು ಇವ್ರದ್ದು. 1686ರ ಚರ್ಚ್ ಕಾನೂನಿನ ಪ್ರಕಾರ ಪಾದ್ರಿ ಮನೆಮನೆ ಜನರನ್ನ ಕರೆದು ಓದೋಕೆ ಬರತ್ತಾ, ಧರ್ಮದ ಪಾಠ ಬಾಯಿಗೆ ಬರತ್ತಾ ಅಂತ ಪರೀಕ್ಷೆ ಮಾಡಿ ಮಾರ್ಕ್ ಹಾಕ್ಬೇಕಿತ್ತು. ಅದನ್ನ ಬರೆದಿಟ್ಟಿದ್ದಕ್ಕೆ ಹುಸ್‌ಫೊರ್‌ಹೋರ್ ಪುಸ್ತಕ ಅಂತಾರೆ. ಒಂದು ಪುಟದಲ್ಲಿ ಒಂದು ಮನೆ, ಅಪ್ಪ ಅಮ್ಮ ಮಕ್ಕಳು ಆಳು ಎಲ್ರೂ, ಹುಟ್ಟಿದ ತಾರೀಕು, ಹುಟ್ಟಿದ ಪ್ಯಾರಿಶ್, ಯಾವಾಗ ಬಂದ್ರು, ಯಾವಾಗ ಎಲ್ಲಿಗೆ ಹೋದ್ರು. ಐದತ್ತು ವರ್ಷ ಅದೇ ಪುಟದಲ್ಲಿ ತಿದ್ದಿ ತಿದ್ದಿ ಬರೀತಿದ್ರು, ಹೋದವ್ರ ಹೆಸರ ಮೇಲೆ ಗೀಟು ಹಾಕಿ ಪಕ್ಕದಲ್ಲಿ "ಎನ್. ಅಮೆರಿಕ" ಅಂತ ಬರೆದಿದ್ರೆ ನಿಮ್ಮವ್ರು ಸಿಕ್ಕಿದ್ರು ಅಂತ ಅರ್ಥ.

ಒಂದು ಪ್ಯಾರಿಶ್‌ನಿಂದ ಇನ್ನೊಂದಕ್ಕೆ ಹೋಗೋಕೂ ಪಾದ್ರಿ ಚೀಟಿ ಬೇಕಿತ್ತು, ಹಾಗಾಗಿ ಒಬ್ಬ ಕೂಲಿ ಹುಡುಗಿ ವರ್ಷಕ್ಕೊಂದು ಮನೆ ಬದಲಾಯಿಸಿದ್ರೂ ಪುಟದಿಂದ ಪುಟಕ್ಕೆ ಹಿಂಬಾಲಿಸ್ಬೋದು. ಚೀಟಿ ಇಲ್ದೆ ಓಡಿ ಹೋದವ್ರೂ ಇದ್ರು, ಮುಖ್ಯವಾಗಿ ಮಿಲಿಟರಿ ತಪ್ಪಿಸ್ಕೊಳ್ಳೋ ಹುಡುಗ್ರು, ಅಂಥವ್ರನ್ನ ಪಾದ್ರಿ ಪತ್ತೆ ಇಲ್ದವ್ರು ಅಂತ ಬೇರೆ ಕಡೆ ಬರೀತಿದ್ದ, ಅಲ್ಲೂ ಒಂದು ಸಲ ಇಣುಕಿ. ರಿಕ್ಸ್‌ಆರ್ಕಿವೆಟ್ ಅನ್ನೋ ಸರ್ಕಾರಿ ಸೈಟಲ್ಲಿ 2018ರಿಂದ ಈ ಸ್ಕ್ಯಾನೆಲ್ಲ ಫ್ರೀ. ಆರ್ಕಿವ್‌ಡಿಜಿಟಲ್ ಅನ್ನೋದು ದುಡ್ಡು ಕೊಟ್ಟು ನೋಡೋದು, ಆದ್ರೆ ಕಲರ್ ಫೋಟೋ, ಮಾಸಿದ ಇಂಕು ಓದೋಕೆ ಅದೇ ಸರಿ, ಒಂದು ತಿಂಗಳಿಗೆ ತಗೊಂಡು ಮುಗಿಸ್ಕೊಳ್ಳಿ.

ಇನ್ನೊಂದು, ಬೂಪ್ಟೆಕ್ನಿಂಗ್, ಅಂದ್ರೆ ಸತ್ತವ್ರ ಆಸ್ತಿ ಲೆಕ್ಕ. ಪಾತ್ರೆ ಪಗಡೆ ದನ ಕುರಿ ಜೊತೆ ವಾರಸುದಾರ್ರ ಪಟ್ಟಿನೂ ಇರತ್ತೆ, "ಉತ್ತರ ಅಮೆರಿಕದಲ್ಲಿರೋ ಮಗ", "ಇಂಥವ್ನ ಹೆಂಡತಿ ಆಗಿರೋ ಮಗಳು" ಅಂತ. ಸಂಬಂಧ ಕಡಿದು ಹೋದ ಕುಟುಂಬಗಳಿಗೆ ಇದಕ್ಕಿಂತ ಒಳ್ಳೆ ಕೊಂಡಿ ಇಲ್ಲ.

ಡೆನ್ಮಾರ್ಕ್

ಇಲ್ಲಿ ಸೆನ್ಸಸ್ 1787, 1801, 1834, 1840, ಆಮೇಲೆ ಐದೈದು ಹತ್ತತ್ತು ವರ್ಷಕ್ಕೆ. 1845ರಿಂದ ಹುಟ್ಟಿದ ಪ್ಯಾರಿಶ್ ಹೆಸರೂ ಇದೆ. ಚರ್ಚ್ ಪುಸ್ತಕ 1814ರಿಂದ ಎರಡೆರಡು ಪ್ರತಿ, ಎರಡೂ ಒಂದೇ ಸೂರಿನಡಿ ರಾತ್ರಿ ಇರ್ಬಾರ್ದು ಅಂತ ರೂಲ್ಸು, ಬೆಂಕಿ ಭಯ. ಹಾಗಾಗಿ ಒಂದು ಪ್ರತಿ ಓದೋಕಾಗ್ಲಿಲ್ಲ ಅಂದ್ರೆ ಇನ್ನೊಂದು ತೆಗೀರಿ. ಗಂಡು ಮಕ್ಕಳಾದ್ರೆ ಮಿಲಿಟರಿ ಪಟ್ಟಿ ಇದೆ, ಹಳ್ಳಿಯಲ್ಲಿ ಹುಟ್ಟಿದ ಹುಡುಗ್ರನ್ನ ಹುಟ್ಟಿದಾಗಿಂದ್ಲೇ ಸೇರಿಸ್ತಿದ್ರು. ಕೋಪನ್‌ಹೇಗನ್ ಪೊಲೀಸರ ಎಮಿಗ್ರೇಷನ್ ಪುಸ್ತಕ 1869ರಿಂದ 1940ರ ತನಕ ಇದೆ, ಆಲ್ಬೋರ್ಗಲ್ಲಿ ವಲಸೆ ಹೋದವ್ರದ್ದೇ ಒಂದು ಆರ್ಕೈವ್ ಇದೆ. ಯೂಟಾ ಕಡೆಯ ಡೇನಿಶ್ ಮನೆತನ ಆದ್ರೆ ಮಾರ್ಮನ್ ಅನ್ನೋ ಕ್ರೈಸ್ತ ಪಂಥದ ಮಿಷನ್ ರೆಕಾರ್ಡು ನೋಡಿ, 1850ರಿಂದ ಅವ್ರು ಡೆನ್ಮಾರ್ಕಲ್ಲಿ ಜನರನ್ನ ತಮ್ಮ ಪಂಥಕ್ಕೆ ಸೇರಿಸ್ಕೊಂಡು ಯೂಟಾಗೆ ಕಳಿಸ್ತಿದ್ರು. ಅಂದ ಹಾಗೆ ಡೇನರು ತಮಿಳ್ನಾಡಿನ ತರಂಗಂಬಾಡಿಯಲ್ಲಿ 1620ರಿಂದ 1845ರ ತನಕ ಕೋಟೆ ಕಟ್ಕೊಂಡಿದ್ರಲ್ಲ, ಟ್ರೀಯಲ್ಲಿ ಟ್ರಾಂಕೆಬಾರ್ ಅಂತ ಹುಟ್ಟಿದೂರು ಕಂಡ್ರೆ ತಪ್ಪು ಅಂತ ಅಳಿಸ್ಬೇಡಿ.

ಓದೋದು ಹೇಗೆ

ಹಳೇ ಗೋಥಿಕ್ ಕೈಬರಹ ಮೊದಲ ದಿನ ಇರುವೆ ಹರಿದ ಹಾಗೆ ಕಾಣತ್ತೆ. ಗೊತ್ತಿರೋ ಹೆಸರು ಇರೋ ಪುಟ ತೆಗೆದು ಆ ಪಾದ್ರಿ ಒಂದೊಂದು ಅಕ್ಷರ ಹೇಗೆ ಬರೀತಾನೆ ಅಂತ ಪೇಪರಲ್ಲಿ ಬರ್ಕೊಳ್ಳಿ, ಆಮೇಲೆ ಗೊತ್ತಿಲ್ದಿರೋದನ್ನ ಓದಿ. ನೂರಿನ್ನೂರು ಪದ ಕಲಿತ್ರೆ ಸಾಕು, ಹುಟ್ಟಿದ್ದು ಸತ್ತಿದ್ದು ಮದುವೆ ರೈತ ಕೂಲಿ ವಿಧವೆ ಅಷ್ಟೇ ತಿರುಗಿ ತಿರುಗಿ ಬರೋದು. ತಾರೀಕಿನ ಬದಲು "ತ್ರಿನಿಟಿ ಆದ್ಮೇಲೆ 5ನೇ ಭಾನುವಾರ" ಅಂತ ಚರ್ಚಿನ ಹಬ್ಬದ ಲೆಕ್ಕದಲ್ಲಿ ಬರೆದಿದ್ರೆ ಅದನ್ನ ತಾರೀಕಿಗೆ ಬದಲಾಯಿಸೋ ಕ್ಯಾಲೆಂಡರು ನೆಟ್ಟಲ್ಲಿ ಸಿಗತ್ತೆ. ಅವ್ರ ವಿಶೇಷ ಅಕ್ಷರಗಳು, ಎ ಮೇಲೆ ಸೊನ್ನೆ, ಓ ಮೇಲೆ ಅಡ್ಡಗೀಟು ಅಥವಾ ಎರಡು ಚುಕ್ಕಿ, ಇವು ಪಟ್ಟಿಯಲ್ಲಿ ಝಡ್ ಆದ್ಮೇಲೆ ಬರ್ತವೆ, ಮೊದಲಲ್ಲಿ ಹುಡುಕಿ ಇಲ್ಲ ಅನ್ಬೇಡಿ. ಸೊನ್ನೆ ಇರೋ ಎ ನಾರ್ವೆಗೆ ಬಂದಿದ್ದು 1917ರಲ್ಲಿ, ಡೆನ್ಮಾರ್ಕಿಗೆ 1948ರಲ್ಲಿ, ಅದಕ್ಕೆ ಮುಂಚೆ ಎ ಅಕ್ಷರವನ್ನೇ ಎರಡು ಸಲ ಬರೀತಿದ್ರು, ಎರಡೂ ಥರ ಹೊಡೆದು ನೋಡಿ.

ಈಗಿರೋ ಸಂಬಂಧಿಕರು

ಅಣ್ಣ ಅಮೆರಿಕಕ್ಕೆ ಹೋದ, ತಂಗಿ ಊರಲ್ಲಿ ಉಳಿದ್ಲು, ಕಾಗದ ಬರೋದು ಒಂದು ತಲೆಮಾರಿಗೆ ನಿಂತೋಯ್ತು. ಇವತ್ತಿನವ್ರನ್ನ ಹುಡುಕ್ಬೇಕು ಅಂದ್ರೆ ಹೋದವ್ನನ್ನ ಬಿಟ್ಟು ಉಳಿದವ್ಳನ್ನ ಹಿಡೀರಿ. ನಾರ್ವೆಯಲ್ಲಿ 1910, 1920ರ ಸೆನ್ಸಸ್, ಬೀಗ್ಡೆಬೋಕ್. 1910ರದ್ದರಲ್ಲಿ ಅಮೆರಿಕದಿಂದ ವಾಪಸ್ ಬಂದವ್ರ ಬಗ್ಗೆನೂ ಕೇಳಿ ಬರ್ಕೊಂಡಿದ್ರು, ನಿಮ್ಮವ್ನ ತಮ್ಮ ಮಧ್ಯದಲ್ಲೇ ಮಾಯ ಆಗಿದ್ರೆ ಅವ್ನು ಊರಿಗೆ ವಾಪಸ್ ಹೋಗಿರೋ ಚಾನ್ಸೂ ಇದೆ. ಸ್ವೀಡನ್ನಲ್ಲಿ ಡೋಡ್‌ಬೋಕ್ ಅಂತ ಸತ್ತವ್ರ ಡೇಟಾಬೇಸ್ ಇದೆ, ಹುಟ್ಟಿದ ತಾರೀಕು ಹಾಕಿದ್ರೆ ಯಾವಾಗ ಎಲ್ಲಿ ಸತ್ರು ಅಂತ ಸಿಗತ್ತೆ, ಅಲ್ಲಿಂದ ಆಸ್ತಿ ಲೆಕ್ಕ, ಅಲ್ಲಿಂದ ಮಕ್ಕಳು. ಈಗಿನವ್ರ ವಿಳಾಸ ಸ್ವೀಡನ್ನಲ್ಲಿ ಡೈರೆಕ್ಟರಿ ಸೈಟುಗಳಲ್ಲಿ ಓಪನ್ನಾಗೇ ಇರತ್ತೆ, ನಮಗೆ ಸ್ವಲ್ಪ ಗಾಬರಿ ಆಗೋವಷ್ಟು.

ಡಿಎನ್‌ಎ ಟೆಸ್ಟು ಕಾಗದಪತ್ರದಲ್ಲಿ ದಾರಿ ಮುಚ್ಚಿದಾಗ ಮಾತ್ರ. ಸ್ಕ್ಯಾಂಡಿನೇವಿಯಾದಲ್ಲಿ ಮೈಹೆರಿಟೇಜ್ ಅನ್ನೋ ಟೆಸ್ಟ್ ಕಂಪನೀಲಿ ಹೆಚ್ಚು ಜನ ಇದ್ದಾರೆ, ಅಮೆರಿಕದ ಕಡೆಯವ್ರು ಆನ್ಸೆಸ್ಟ್ರಿಯಲ್ಲಿ, ಎರಡೂ ಕಡೆ ಇರೋದು ಒಳ್ಳೇದು. ಕಣಿವೆ ಊರುಗಳಲ್ಲಿ ಸುತ್ತಿ ಸುತ್ತಿ ಅವ್ರವ್ರಲ್ಲೇ ಮದುವೆ ಆಗಿರೋದ್ರಿಂದ ಮ್ಯಾಚು ನಿಜಕ್ಕಿಂತ ಹತ್ತಿರ ಅಂತ ತೋರ್ಸತ್ತೆ, ಎರಡನೇ ಕಸಿನ್ ಅಂತ ಬಂದವ್ರು ಮೂರನೇ ನಾಕನೇ ಆಗಿರ್ಬೋದು.

ಮನೆ ಸಿಕ್ಕಿದ್ಮೇಲೆ ಫೋನ್ ಮಾಡ್ಬೇಡಿ, ಕಾಗದ ಹಾಕಿ. ಇಂಗ್ಲಿಷ್ ಸಾಕು. ಮೊದಲ ಸಾಲಲ್ಲೇ ಇಬ್ರಿಗೂ ಕಾಮನ್ ಆದ ಹಿರೀಕರ ಹೆಸರು, ಹುಟ್ಟಿದ ತಾರೀಕು, ಫಾರ್ಮು ಬರೀರಿ, ಒಂದು ಪುಟದ ಟ್ರೀ ಮತ್ತು ಒಂದು ಹಳೇ ಫೋಟೋ ಕಾಪಿ ಇಡಿ. ಆಸ್ತಿ ಕೇಳೋಕೆ ಬಂದಿಲ್ಲ ಅನ್ನೋದು ಅವ್ರಿಗೆ ಅದ್ರಲ್ಲೇ ಗೊತ್ತಾಗ್ಬೇಕು. ಬದುಕಿರೋರ ವಿವರ ಅವ್ರನ್ನ ಕೇಳ್ದೆ ಯಾವ ಸೈಟಿಗೂ ಏರಿಸ್ಬೇಡಿ. ಮತ್ತೆ ಜುಲೈಲಿ ಕಳಿಸಿ ಉತ್ತರ ಬರ್ಲಿಲ್ಲ ಅಂತ ಮುಖ ಸಣ್ಣ ಮಾಡ್ಕೋಬೇಡಿ, ಆ ತಿಂಗಳು ಅಲ್ಲಿ ಹೆಚ್ಚಿನ ಜನ ರಜೆ ಹಾಕಿ ಕಾಡು ಸಮುದ್ರ ಅಂತ ಹೋಗಿರ್ತಾರೆ, ಸೆಪ್ಟೆಂಬರಲ್ಲಿ ಇನ್ನೊಂದು ಸಲ ಬರೀರಿ.